ದೀಪವಿಲ್ಲದ ಊರಿಗೆ ಎರಡು ಟಿಕೆಟ್

ಆ ಭಾನುವಾರವೂ ಎಲ್ಲ ದಿನಗಳ ಹಾಗೆಯೇ ಬೆಳಗಾಯಿತು. ಜಿನ್ನಿಂಗ್ ಮಿಲ್ಲಿನ ಸೈರನ್ ಕೂಗಿತು. ನಲ್ಲಿ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. ನಾನು ಕೊಡಗಳನ್ನು ತುಂಬಿಸಿ, ಅಂಗಳಕ್ಕೆ ನೀರು ಹೊಡೆದು, ಸಣ್ಣದೊಂದು ರಂಗೋಲಿ ಹಾಕಿದೆ. ಹತ್ತಿ ಬರುವ ಕಾಲವಾದ್ದರಿಂದ ನಮ್ಮವರಿಗೆ ಭಾನುವಾರವೂ ಮಿಲ್ಲು. ಚಹಾ ಕುಡಿದು, ಅಂಗಿಗೆ ಅಂಟಿದ್ದ ನಿನ್ನೆಯ ಹತ್ತಿಯ ಎಳೆಗಳನ್ನು ಕಿತ್ತುಕೊಳ್ಳುತ್ತ ಹೊರಟುಹೋದರು. ನಾನು ಒಲೆಯ ಮುಂದೆ ಕುಳಿತು ಜೋಳದ ಹಿಟ್ಟಿಗೆ ಬಿಸಿನೀರು ಹಾಕುವಷ್ಟರಲ್ಲಿ ನಡುಮನೆಯಿಂದ ಒಂದು ಸದ್ದು ಬಂತು. ಟಿಫಿನ್ ಕ್ಯಾರಿಯರಿನ ಡಬ್ಬಿಗಳನ್ನು ಒಂದೊಂದಾಗಿ ಬಿಡಿಸುವ ಸದ್ದು. ಆ ಸದ್ದಿಗೆ ನಮ್ಮ ಮನೆಯಲ್ಲಿ ಒಂದೇ ಅರ್ಥ: ನಮ್ಮ ಅತ್ತೆಯವರಿಗೆ ಯಾವುದೋ ಹಾಳೂರು ನೆನಪಾಗಿದೆ!

ಅತ್ತೆಯರು ಸೊಸೆಯರನ್ನು ಹಾಳುಬಾವಿಗೆ ತಳ್ಳುವ ಕಥೆಗಳನ್ನು ನೀವೆಲ್ಲ ಕೇಳಿದ್ದೀರಿ. ನಮ್ಮ ಅತ್ತೆಯವರು ನನ್ನನ್ನು ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು, ಬಿಸಿಲಿಗೆ ತಲೆಯ ಮೇಲೆ ಒದ್ದೆ ಟವೆಲು ಹೊದಿಸಿಕೊಂಡು ಹಾಳುಬಾವಿಗಳಿಗೆ ಕರೆದೊಯ್ಯುತ್ತಿದ್ದರು. ತಳ್ಳಲಿಕ್ಕಲ್ಲ, ತೋರಿಸಲಿಕ್ಕೆ! ಹಾಳುಬಾವಿ, ಹಾಳು ಅಗಸಿ, ಹಾಳು ಕೋಟೆ, ಹಾಳು ಗುಡಿ. ನಮ್ಮ ಓಣಿಯ ಬೇರೆ ಅತ್ತೆಯರು ಗುರುವಾರ ಬಂತೆಂದರೆ ಮಂತ್ರಾಲಯದ ಬಸ್ಸಿಗೆ ನಿಲ್ಲುತ್ತಿದ್ದರು. ಇವರಿಗೆ ಮಾತ್ರ ಗೋಪುರ ನೆಟ್ಟಗಿದ್ದರೆ ಆಸಕ್ತಿಯೇ ಇಲ್ಲ. "ಅದಕ್ಕ ನೋಡಾವ್ರು ಭಾಳ ಮಂದಿ ಅದಾರ ಬಿಡು," ಎನ್ನುತ್ತಿದ್ದರು.

ಆದರೆ ಆ ಭಾನುವಾರ ನಾವು ಮನೆ ಬಿಟ್ಟು ಕದಲುವ ಹಾಗಿರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮಗೆ ಮಕ್ಕಳಾಗಲಿಲ್ಲ. ಇಷ್ಟು ಚಿಕ್ಕ ವಾಕ್ಯವಾಗಿ ಇದನ್ನು ಬರೆದು ಮುಂದೆ ಹೋಗಲು ಇಂದು ನನಗೆ ಸಾಧ್ಯವಾಗಿದೆಯಲ್ಲ, ಅದಕ್ಕೆ ಯಾರು ಕಾರಣ ಎನ್ನುವುದೇ ಈ ಪ್ರಬಂಧ. ಅಂದು ಮದುವೆಯಾಗಿ ಸಾಕಷ್ಟು ವರ್ಷಗಳಾಗಿದ್ದವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ತೀರಿಹೋದ ನಮ್ಮ ಮಾವನವರ ಅಣ್ಣ ಮಾನ್ವಿಯಲ್ಲಿದ್ದರು. ಮನೆತನಕ್ಕೆಲ್ಲ ಹಿರಿಯರು, ನಾನು ದೊಡ್ಡ ಮಾವ ಎನ್ನುತ್ತಿದ್ದೆ. ಆ ವರ್ಷ ದೀಪಾವಳಿಯ ಊಟದ ಪಂಕ್ತಿಯಲ್ಲಿ ಅವರು ಹೋಳಿಗೆಯ ಮೇಲೆ ತುಪ್ಪ ಬಡಿಸಿಕೊಳ್ಳುತ್ತ, ಹವಾಮಾನದ ವಿಷಯ ಹೇಳುವ ದನಿಯಲ್ಲಿ, "ತಮ್ಮನ ಮನಿ ಬೇಚಿರಾಗ್ ಆಗಾಕತ್ತದ. ಹುಡುಗನಿಗೆ ಇನ್ನೊಂದು ಕಡೆ ನೋಡೂಣು," ಎಂದುಬಿಟ್ಟರು. ನಾನು ತುಪ್ಪದ ಗಿಂಡಿ ಹಿಡಿದು ಅಲ್ಲೇ ನಿಂತಿದ್ದೆ. ನಮ್ಮವರು ಎಲೆಯಲ್ಲಿದ್ದ ಉಪ್ಪಿನಕಾಯಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಾನ್ವಿಯಿಂದ ಹೇಳಿಕಳಿಸಿದ್ದರು: ಈ ಭಾನುವಾರ ಹೆಣ್ಣಿನ ಕಡೆಯವರೊಬ್ಬರನ್ನು ಕರೆದುಕೊಂಡೇ ಬರುತ್ತೇವೆ, ಮಾತಾಡಿ ಮುಗಿಸೋಣ.

ನಮ್ಮ ಅತ್ತೆಯವರು ಊರಿಗೆಲ್ಲ ಉತ್ತರ ಕೊಡುವ ಹೆಂಗಸು. ಆದರೆ ದೊಡ್ಡ ಮಾವ ಅವರಿಗೆ ಭಾವ. ಭಾವನ ಎದುರು ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಮರೆಗೆ ನಿಲ್ಲಬೇಕು, ಮರುಮಾತಾಡಬಾರದು. ಅದು ಅವರು ಬಳುವಳಿಯ ಪಾತ್ರೆಗಳ ಜೊತೆಗೆ ತಂದಿದ್ದ ರೂಢಿ. ಬಾಗಿಲ ಮರೆಯಿಂದ ಬಳೆ ಸದ್ದು ಮಾಡಿ ‘ಹೂಂ’ ಅನ್ನಬಹುದು. ‘ಉಹೂಂ’ ಅನ್ನಲು ಎಷ್ಟು ಬಳೆ ಬೇಕೋ ಯಾರಿಗೂ ಗೊತ್ತಿಲ್ಲ. ಯಾರೂ ಅಂದು ನೋಡಿರಲಿಲ್ಲ!

ಆದ್ದರಿಂದ ಡಬ್ಬಿಯ ಸದ್ದಿಗೆ ನಾನು ಹಿಟ್ಟಿನ ಕೈಯಲ್ಲೇ ಎದ್ದು ಹೋದೆ.

"ಅತ್ತೀ, ಇವತ್ತು ಮಾನ್ವಿಯವರು ಬರ್ತಾರಲ್ಲ?"

"ಬರಲಿ. ಬಸ್ಸು ಅವರಪ್ಪಂದೇನು, ಎಲ್ಲಾರೂ ಬರ್ತಾರ, ಎಲ್ಲಾರೂ ಹೋಗ್ತಾರ. ಪುಂಡಿಪಲ್ಯಾ ಒಣಗಿಸಿ ತೆಗಿ ಬೇ, ಡಬ್ಬ್ಯಾಗ ಸೋರ್ತದ."

"ಅವರಿಗೆ ಊಟ?"

"ದೇವದುರ್ಗ ಸೀಮ್ಯಾಗ, ಗೂಗಲ್ ಅನ್ನೋ ಹಳ್ಳಿ ಕಡೆ ಒಂದು ಊರು ಅದ ಅಂತ ನಿಮ್ಮ ಮಾವನವರು ಹೇಳ್ತಿದ್ರು. ಹೊಳಿ ಹತ್ತರ. ಇನ್ನೂ ನೋಡಿಲ್ಲ. ಬಿಸಲೇರೋದ್ರೊಳಗ ಹೋಗಬೇಕು, ನಡಿ ನಡಿ!"

ಇದು ನನ್ನ ಪ್ರಶ್ನೆಗೆ ಉತ್ತರವೇ? ಅಲ್ಲ. ಆದರೆ ನಮ್ಮ ಅತ್ತೆಯವರ ತಲೆಯಲ್ಲಿ ಹಾಳೂರು ಹೊಕ್ಕ ಮೇಲೆ ಯಾವ ಪ್ರಶ್ನೆಗೂ ಅದೇ ಉತ್ತರ.

ಈಗ ಆ ‘ಬೇಚಿರಾಗ್’ ಎಂಬ ಶಬ್ದಕ್ಕೆ ಬರುತ್ತೇನೆ. ನಾನು ಓದಿದ್ದು ಬೆಂಗಳೂರಿನ ದಂಡುಪ್ರದೇಶದ ಕಾನ್ವೆಂಟಿನಲ್ಲಿ. ಮದುವೆಯಾಗಿ ರಾಯಚೂರಿಗೆ ಬಂದಾಗ ನನ್ನ ಹತ್ತಿರ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷೂ ಪಠ್ಯಪುಸ್ತಕದ ಕನ್ನಡವೂ ಇದ್ದವು. ನಮ್ಮ ಅತ್ತೆಯವರ ಮಾತಿನಲ್ಲಿ ಎರಡೂ ಇರಲಿಲ್ಲ! ಮಾವನವರು ನಿಜಾಮರ ಕಾಲದಲ್ಲಿ ಗಿರ್ದಾವರರಾಗಿ ಸೇರಿದವರು. ಕುದುರೆಯ ಮೇಲೋ ಬಂಡಿಯಲ್ಲೋ ಊರೂರು ಸುತ್ತಿ ಹೊಲ, ಬೆಳೆ, ಕಂದಾಯ ತನಿಖೆ ಮಾಡುವ ಕೆಲಸ. ಎಷ್ಟೋ ಸಲ ಅತ್ತೆಯವರೂ ಬಂಡಿಯಲ್ಲಿ ಹಿಂದೆ ಕುಳಿತು ಹೋಗಿದ್ದರಂತೆ. ಮಾವನವರು ಹೋದ ಮೇಲೆ ಕುದುರೆ ಹೋಯಿತು, ಬಂಡಿ ಹೋಯಿತು, ಅವರ ದಫ್ತರದ ಶಬ್ದಗಳು ಮಾತ್ರ ಅತ್ತೆಯವರ ಬಾಯಲ್ಲಿ ಉಳಿದುಕೊಂಡವು. "ದೇವದುರ್ಗದ ಕಡಿ ಒಂದು ಬೇಚಿರಾಗ್ ಊರದ," ಎನ್ನುವರು. ಮರುವಾರ, "ಮಾನ್ವಿ ಕಡಿಗೂ ಒಂದು ಬೇಚಿರಾಗ್ ಅದ," ಎನ್ನುವರು. ನಾನು ಅದು ಊರಿನ ಹೆಸರೆಂದು ತಿಳಿದೆ. ನಮ್ಮ ಇಂಗ್ಲೆಂಡಿನ ಭೂಗೋಳದ ಪುಸ್ತಕದಲ್ಲೂ ಒಂದೇ ಹೆಸರಿನ ಊರುಗಳು ಅಲ್ಲೊಂದು ಇಲ್ಲೊಂದು ಇದ್ದುದರಿಂದ ಅನುಮಾನವೇ ಬರಲಿಲ್ಲ.

ಹೀಗೆ ಮೊದಲ ಸಲ ಇಬ್ಬರೂ ಹೊರಟಾಗ, ಓದಿದ ಸೊಸೆ ಎಂಬ ಹುಮ್ಮಸ್ಸಿನಲ್ಲಿ ನಾನೇ ಮುಂದಾಗಿ ಕಂಡಕ್ಟರನಿಗೆ ಸ್ಪಷ್ಟವಾದ ಉಚ್ಚಾರದಲ್ಲಿ, "ಬೇಚಿರಾಗ್‌ಗೆ ಎರಡು ಟಿಕೆಟ್ ಕೊಡಿ," ಎಂದೆ.

ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. "ಯಾವೂರಿಗ್ರೀ?"

"ಬೇಚಿರಾಗ್!"

ಇಡೀ ಬಸ್ಸು ನಕ್ಕಿತು. ಕೋಳಿ ಹಿಡಿದು ಕುಳಿತಿದ್ದ ಮುದುಕಿ ನಕ್ಕಳು. ನನಗೆ ಕೋಳಿಯೂ ನಕ್ಕಂತೆ ಕಂಡಿತು. "ಅಕ್ಕಾರ, ಆ ಊರಿಗೆ ಬಸ್ಸು ಹೋಗಂಗಿಲ್ರಿ. ಹತ್ತಾವ್ರೂ ಇಲ್ಲ, ಇಳ್ಯಾವ್ರೂ ಇಲ್ಲ!" ಎಂದ ಕಂಡಕ್ಟರ. ಹಿಂದಿನ ಸೀಟಿನ ಬಿಳಿಗಡ್ಡದ ಅಜ್ಜರೊಬ್ಬರು ಕನಿಕರಪಟ್ಟು, "ಚಿರಾಗ್ ಅಂದ್ರ ದೀಪ ಬೇಟಿ. ದೀಪ ಇಲ್ಲದ ಊರು, ಅದು ಬೇಚಿರಾಗ್," ಎಂದು ಬಿಡಿಸಿ ಹೇಳಿದರು. ಹೊಲಗಳಿವೆ, ಗಡಿಯಿದೆ, ಸರ್ಕಾರದ ಕಾಗದದಲ್ಲಿ ಲೆಕ್ಕಕ್ಕಿದೆ. ಆದರೆ ಸಂಜೆ ದೀಪ ಹಚ್ಚಲು ಒಬ್ಬರೂ ಇಲ್ಲ. ಅಂಥ ಊರಿಗೆ ಗುಮಾಸ್ತರು ಕೊಟ್ಟ ಹೆಸರು! ಇಷ್ಟು ಚೆಂದದ, ಇಷ್ಟು ನಿರ್ದಯವಾದ ಶಬ್ದವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗಿದೆ. ಅತ್ತೆಯವರು ನಗಲಿಲ್ಲ. ಕಂಡಕ್ಟರನಿಗೇ ಜಬರಿಸಿದರು: "ಏನ್ ನಗ್ತೀಪಾ? ನಮ್ಮ ಹುಡುಗಿ ಕೇಳಿದ್ದು ಖರೇ ಅದ. ಆ ಊರಿನ ಹೆಸರು ನಿನಗ ಗೊತ್ತದೇನು? ಇಲ್ಲ. ಸರ್ಕಾರಕ್ಕ ಗೊತ್ತದೇನು? ಇಲ್ಲ. ಮತ್ತ ಇದ ಹೆಸರಲ್ಲೇನು? ಕೊಡು, ಹತ್ತರದ ಸ್ಟಾಪಿಗೆ ಎರಡು ಹರಿ!"

ಆ ಕ್ಷಣದಿಂದ ನಾನು ಅವರ ಪಕ್ಷ.

ಅವರ ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ರೊಟ್ಟಿ, ನಡುವಿನದರಲ್ಲಿ ಪಲ್ಯ, ಮೇಲಿನ ಡಬ್ಬಿಯಲ್ಲಿ ಅರಿವೆಯಲ್ಲಿ ಸುತ್ತಿದ ಮಣ್ಣಿನ ಪಣತಿ, ಬತ್ತಿ, ಬೆಂಕಿಪೊಟ್ಟಣ. ಎಣ್ಣೆ ಬೇರೆ, ಹಳೆಯ ಕೆಮ್ಮಿನ ಔಷಧದ ಬಾಟಲಿಯಲ್ಲಿ. ಯಾವ ಬೇಚಿರಾಗ್ ಊರಿಗೆ ಹೋದರೂ ಒಂದು ಮನೆಯ ನೆಲಗಟ್ಟು ಹುಡುಕಿ ಅಲ್ಲಿ ದೀಪ ಹಚ್ಚುವುದು. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಲ್ಲ, ಮನುಷ್ಯರನ್ನೇ ನಿಲ್ಲಗೊಡುವುದಿಲ್ಲ, ಇನ್ನು ಬತ್ತಿಯ ಪಾಡೇನು? ಹಚ್ಚಿ ಕೈ ತೆಗೆಯುವಷ್ಟರಲ್ಲಿ ಆರಿಹೋಗುತ್ತಿತ್ತು. ಅವರಿಗೆ ಒಂದಿಷ್ಟೂ ಬೇಸರವಿಲ್ಲ.

"ಹತ್ತಿತ್ತೋ ಇಲ್ಲೋ?"

"ಹತ್ತಿತ್ತು ಅತ್ತೀ."

"ಮುಗೀತು! ಇವತ್ತಿನ ಮಟ್ಟಿಗೆ ಸರ್ಕಾರ ಸುಳ್ಳಾತು. ಬಾ, ರೊಟ್ಟಿ ತಿನ್ನೂಣು."

ಇತಿಹಾಸವನ್ನು ಅವರು ಓದುತ್ತಿದ್ದ ರೀತಿಯೇ ಬೇರೆ. ರಾಜ ಯಾರು, ಯುದ್ಧ ಯಾವಾಗ ಎಂಬ ಪ್ರಶ್ನೆಗಳೇ ಇಲ್ಲ. ಹಾಳುಬಿದ್ದ ಮನೆಯೊಳಗೆ ಹೊಕ್ಕವರೇ ಮೊದಲು ಒಲೆ ಹುಡುಕುವರು. ಮಣ್ಣು ಕೆದರಿ, ಸುಟ್ಟು ಕಪ್ಪಾದ ಕಲ್ಲು ಸಿಕ್ಕಿತೆಂದರೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಇಲ್ಲದ ರೊಟ್ಟಿಯನ್ನು ಬಡಿದು, ಇಲ್ಲದ ಹಂಚಿನ ಮೇಲೆ ಹಾಕಿ, ಆಮೇಲೆ ತೀರ್ಪು.

"ಇಲ್ನೋಡು. ಒಲಿ ಗ್ವಾಡಿ ಮೂಲ್ಯಾಗ, ಕಿಟಕಿ ಆ ಕಡಿ. ಹೊಗಿ ಎಲ್ಲಾ ಸೊಸಿ ಕಣ್ಣಿಗೆ. ಈ ಮನಿ ಅತ್ತಿ ಭಾಳ ಕೆಟ್ಟಾಕಿ!"

ಇನ್ನೊಂದು ಊರಿನಲ್ಲಿ ಬೀಸುಕಲ್ಲಿನ ಗುಣಿ ಬಾಗಿಲ ಹತ್ತಿರವೇ ಇತ್ತು. "ಈ ಅತ್ತಿ ಚಲೋ ಇದ್ಲು ಬೇ. ಸೊಸಿ ಬೀಸಿಕೋತ ಓಣ್ಯಾಗ ಹೋಗಾವ್ರ ಜೋಡಿ ಮಾತಾಡಲಿ ಅಂತ ಇಲ್ಲಿ ಇಟ್ಟಾಳ." ಮುನ್ನೂರು ವರ್ಷದ ಹಿಂದೆ ತೀರಿಹೋದ ಅತ್ತೆಯರಿಗೆ ಹೀಗೆ ಮುಖ ಮೂತಿ ನೋಡದೆ ಅಂಕ ಕೊಡುವ ಸಂಶೋಧಕರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅಂಥ ಊರಿನಿಂದ ಬಂದ ಮರುದಿನ ನೋಡಿದರೆ ನಮ್ಮ ಅಡುಗೆಮನೆಯ ಒಲೆ ಕಿಟಕಿಯ ಕಡೆಗೆ ಸರಿದಿತ್ತು. ಅಂದಿನಿಂದ ರೊಟ್ಟಿ ಬಡಿಯುವಾಗ ನನಗೆ ಕಣ್ಣೀರು ಬಂದಿಲ್ಲ.

ರಾಯಚೂರಿನ ಕೋಟೆಗೂ ಕರೆದುಕೊಂಡು ಹೋಗಿದ್ದರು. ಅಲ್ಲಿ ಗೋಡೆಯಲ್ಲಿ ಬಲು ಉದ್ದನೆಯ ಒಂದೇ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ನಾನು ಸಿಸ್ಟರ್‌ಗಳ ಶಿಷ್ಯೆ, ಇಂಥ ಕಡೆ ಮೌನವಾಗಿ ನಿಂತು ಭಕ್ತಿಯಿಂದ ನೋಡಬೇಕೆಂದು ಕಲಿತವಳು. ಅತ್ತೆಯವರು ಬಂಡಿಗೆ ಕಟ್ಟಿದ ಕೋಣಗಳನ್ನೇ ನೋಡುತ್ತ ನಿಂತರು. "ಕಲ್ಲು ತರಿಸಿದವನ ಹೆಸರು ಬರದಾರೇನು?" ಬರೆದಿದ್ದಾರಂತೆ, ಎಂದೆ. "ಕೋಣಗಳಿಗೆ ಎಲ್ಲಿ ನೀರು ಕುಡಿಸಿದ್ರು ಅನ್ನೋದು?" ಅದನ್ನು ಬರೆದ ಹಾಗಿಲ್ಲ, ಎಂದೆ. "ಮತ್ತ ಅರ್ಧಾನೇ ಬರದಾರ ತಗಿ!" ಎಂದವರೇ, ಆಮ್ ತಲಾಬಿನ ಕಡೆ ಹೊರಟರು. ಬಿಸಿಲಿನಲ್ಲಿ ನಾನು ಹಿಂದೆ. ಕೆರೆಯ ದಂಡೆಯಲ್ಲಿ ಕುಳಿತು ನೀರು ನೋಡಿದ ಮೇಲೆಯೇ ಅವರಿಗೆ ಸಮಾಧಾನ. "ಇಲ್ಲೇ ಕುಡಿಸ್ಯಾರ. ಮತ್ತೆಲ್ಲಿ ಕುಡಿಸ್ತಾರ, ಪಾಪ!"

ಆ ದೀಪಾವಳಿ ಕಳೆದ ಮೇಲೆ, ಅಂಥದೊಂದು ದಂಡೆಯಲ್ಲಿ ನಾನೂ ಒಂದು ಕಥೆ ಹೇಳಿದ್ದೆ: ಗಂಡು ಮಗು ಬೇಕೆಂದು ಹೆಂಡಿರನ್ನು ಬದಲಾಯಿಸುತ್ತಲೇ ಹೋದ ಇಂಗ್ಲೆಂಡಿನ ದೊರೆಯ ಕಥೆ. ಅವನ ಹೆಂಡಿರ ಹೆಸರುಗಳನ್ನು ಕಾನ್ವೆಂಟಿನಲ್ಲಿ ನಮಗೆ ಕ್ರಮವಾಗಿ ಬಾಯಿಪಾಠ ಮಾಡಿಸಿದ್ದರು. ಅತ್ತೆಯವರು ಬಾಯಲ್ಲಿದ್ದ ಶೇಂಗಾಬೀಜವನ್ನು ಅಗಿಯುವುದನ್ನೇ ನಿಲ್ಲಿಸಿ ಕೇಳಿದರು. ಕೊನೆಗೆ ಅವರ ಒಂದೇ ಪ್ರಶ್ನೆ:

"ಆ ಊರಾಗೂ ಒಬ್ಬ ದೊಡ್ಡ ಭಾವ ಇದ್ನೇನು ಬೇ?"

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಅದೇ ನಗುವಿನ ಕೊನೆಯಲ್ಲಿ ಅಳುವೂ ಬಂತು. ಅವರು ಅದನ್ನು ನೋಡದವರಂತೆ ಶೇಂಗಾ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಲೇ ಇದ್ದರು.

ಒಂದು ಸಲ ಮಾತ್ರ ನಾವಿಬ್ಬರೂ ಜೈಲಿಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು! ಗಿಲ್ಲೆಸುಗೂರು ದಾಟಿ ಒಳಗಿನ ಒಂದು ಹಾಳು. ಅಂದು ಶೆಕೆ ಹೆಚ್ಚೆಂದು ಪಾನಕಕ್ಕೆ ನಾನು ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಅತ್ತೆಯವರು ಮಣ್ಣು ಕೆದರಲು ಮನೆಯ ಕುಡುಗೋಲು ತಂದಿದ್ದರು. ಈಗ ನೀವೇ ನೋಡಿ: ಹಾಳು ಗುಡಿಯ ಮಗ್ಗುಲು, ಕೆದರಿದ ಮಣ್ಣು, ಹೊತ್ತಿಸಿದ ದೀಪ, ನಿಂಬೆಹಣ್ಣು, ಕುಡುಗೋಲು. ನಮ್ಮ ಸೀಮೆಯಲ್ಲಿ ಇಷ್ಟು ಸಾಮಾನು ಒಂದು ಕಡೆ ಸೇರಿದರೆ ಅದಕ್ಕೆ ಒಂದೇ ಹೆಸರು: ನಿಧಿ ತೆಗೆಯುವುದು!

ಪಕ್ಕದ ಊರಿನ ಪೊಲೀಸ್ ಪಾಟೀಲರು ಬಡಿಗೆ ಹಿಡಿದ ಮಂದಿಯನ್ನು ಕಟ್ಟಿಕೊಂಡು ಬಂದೇಬಿಟ್ಟರು. ಪೊಲೀಸ್ ಪಾಟೀಲರೆಂದರೆ ಊರ ಕಾವಲಿನ ಹೊಣೆ ಹೊತ್ತವರು, ಮೀಸೆಯೂ ಆ ಹೊಣೆಗೆ ತಕ್ಕಂತಿತ್ತು.

"ಏನವ್ವಾ, ಬಂಗಾರ ಸಿಕ್ತೇನು?"

"ಇನ್ನೂ ಒಲೀನ ಸಿಕ್ಕಿಲ್ಲಪಾ," ಎಂದರು ಅತ್ತೆಯವರು, ತಲೆ ಎತ್ತದೆ.

"ಈ ಹೆಣ್ಮಗಳು ಯಾರು? ಬಲಿ ಕೊಡಾಕ ಕರಕೊಂಡು ಬಂದೀಯೇನು?"

ನನ್ನ ಕೈಯಲ್ಲಿದ್ದ ನಿಂಬೆಹಣ್ಣು ಜಾರಿ ಉರುಳುತ್ತ ಹೋಗಿ ಪಾಟೀಲರ ಚಪ್ಪಲಿಯ ಮುಂದೆ ನಿಂತಿತು. ಅವರು ಒಂದು ಹೆಜ್ಜೆ ಹಿಂದೆ ಹಾರಿದರು. ಅವರ ಮಂದಿ ಇನ್ನೂ ಹಿಂದೆ ಹಾರಿದರು. ಅತ್ತೆಯವರು ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಆ ನಿಂಬೆಹಣ್ಣನ್ನು ಎತ್ತಿ ಕುಡುಗೋಲಿಗೆ ಒತ್ತಿ ಎರಡು ಹೋಳು ಮಾಡಿ, ಚೊಂಬಿಗೆ ಹಿಂಡುತ್ತ ಹೇಳಿದರು: "ಈಕಿ ಬಡದ ರೊಟ್ಟಿ ತಿಂದೀಯೇನು ಪಾಟೀಲಪ್ಪಾ? ತಿಂದಿದ್ರ ಹಿಂಗ ಕೇಳ್ತಿದ್ದಿಲ್ಲ. ಇಂಥಾಕಿನ್ನ ಬಲಿ ಕೊಟ್ಟು, ಆ ಬಂಗಾರ ಏನು ಕಡಕೊಂಡು ತಿನ್ನಲಿ? ಕುಂದ್ರು, ಪಾನಕ ಕುಡಿ."

ಪಾಟೀಲರು ಕುಂತರು. ಪಾನಕ ಕುಡಿದರು. ನನ್ನ ರೊಟ್ಟಿಯನ್ನೂ ತಿಂದರು. ತಿನ್ನುತ್ತ ಸ್ವಲ್ಪ ಅನುಮಾನದಿಂದ ಅತ್ತೆಯವರ ಮುಖ ನೋಡಿದರೆನ್ನುವುದನ್ನು ನಾನು ಮುಚ್ಚಿಡುವುದಿಲ್ಲ! ಏಕೆಂದರೆ ನನ್ನ ರೊಟ್ಟಿಯ ಬಗ್ಗೆ ನಮ್ಮ ಅತ್ತೆಯವರು ಅಲ್ಲಿಯವರೆಗೆ ಆಡಿದ ಒಂದೇ ಒಂದು ಒಳ್ಳೆಯ ಮಾತು ಅದು. ಮನೆಯಲ್ಲಿ, "ಇದನ್ನ ಬಾಗಲಕ್ಕ ಹಚ್ಚಿದ್ರ ಕಳ್ಳ ಬರಂಗಿಲ್ಲ," ಎನ್ನುವವರು ಪರರ ಮುಂದೆ ನನ್ನನ್ನು ಹೀಗೆ ಎತ್ತಿ ನಿಲ್ಲಿಸಿದ್ದರು.

ಇಂಥವರ ಬೆನ್ನು ಹತ್ತಿ ನಾನು ಆ ಭಾನುವಾರವೂ ದೇವದುರ್ಗದ ಬಸ್ಸು ಹತ್ತಿದೆ. ಮನೆಗೆ ಬೀಗ ಹಾಕಿ ಬಂದವರು ಅವರೇ. ನನ್ನನ್ನು ಮುಂದೆ ಓಣಿಯ ತುದಿಗೆ ಕಳಿಸಿ, ಆಮೇಲೆ ಅವಸರದಿಂದ ಬಂದು ಕೂಡಿಕೊಂಡರು. ದಾರಿಯುದ್ದಕ್ಕೂ ಹಾಲುಗಾಳಿನ ಜೋಳದ ಹೊಲಗಳು. ಎದುರಿನಿಂದ ಬರುವ ಒಂದೊಂದು ಬಸ್ಸಿನಲ್ಲೂ ನನಗೆ ದೊಡ್ಡ ಮಾವನ ರುಮಾಲೇ ಕಂಡಂತಾಗುತ್ತಿತ್ತು. ಮಾನ್ವಿಯ ಬಸ್ಸು ಈ ದಾರಿಗೇ ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಬೀಗ ನೋಡಿ ಅವರು ಏನೆಂದುಕೊಳ್ಳುತ್ತಾರೆ? ಓಡಿಹೋದಳು ಎನ್ನುತ್ತಾರೆಯೆ? ಸಂಜೆ ನಮ್ಮವರು ಮಿಲ್ಲಿನಿಂದ ಬರುವವರೆಗೆ ಕಾದು ಕುಳಿತು, ಅವರ ಬಾಯಿಂದ ‘ಹೂಂ’ ಅನ್ನಿಸಿಕೊಂಡೇ ಹೋಗುತ್ತಾರೆಯೆ? ಅತ್ತೆಯವರು ಮಾತ್ರ ಕಿಟಕಿಯಿಂದ ಬಗ್ಗಿ, ಯಾರದೋ ಹೊಲದ ತೆನೆ ಚೆನ್ನಾಗಿದೆ ಎಂದು ಹೊಗಳುತ್ತಿದ್ದರು.

ಬಸ್ಸಿಳಿದು ಹೊಳೆಯ ಕಡೆ ನಡೆದೆವು. ಊರು ಸಿಕ್ಕಿತು. ಊರೆಂದರೆ ಏನು? ಊರಬಾಗಿಲಾಗಿದ್ದ ಮುರಿದ ಅಗಸಿಯ ಒಂದು ಕಂಬ, ಬೇವಿನ ಮರ, ಅಲ್ಲಲ್ಲಿ ಮನೆಗಳ ತಳಪಾಯ. ನಡುವೆ ಕುರಿಗಳನ್ನು ಬಿಟ್ಟುಕೊಂಡು ಕಂಬಳಿ ಹೊದ್ದ ಒಬ್ಬ ಅಜ್ಜ ಕುಳಿತಿದ್ದ.

"ಯಜ್ಜಾ, ಈ ಊರು ಯಾಕ ಹಾಳಾತು?" ಅತ್ತೆಯವರು ಅವನ ಎದುರಿಗೆ ಕುಳಿತೇ ಕೇಳಿದರು. ಊರು ಹಾಳಾದ ಕಥೆಗಳೆಂದರೆ ಅವರಿಗೆ ಪ್ರಾಣ.

"ಸೊಸಿ ಶಾಪ ಅಂತಾರವ್ವಾ," ಎಂದ ಅಜ್ಜ. "ಗೌಡರ ಮನಿ ಸೊಸಿ. ಮಕ್ಕಳಾಗಲಿಲ್ಲಂತ. ಇನ್ನೊಬ್ಬಾಕಿನ್ನ ತರ್ತೀವಿ ಅಂತ ಈಕಿನ್ನ ಹೊರಗ ಹಾಕಿದ್ರಂತ. ಆಕಿ ಇದ ಅಗಸ್ಯಾಗ ನಿಂತು, ಒಂದು ಬೊಗಸಿ ಮಣ್ಣು ತೂರಿ ಹೋದ್ಲಂತ. ಅಷ್ಟ. ಊರಾಗ ದೀಪ ನಿಲ್ಲಲಿಲ್ಲ."

ನಾನು ಬುತ್ತಿಯ ಡಬ್ಬಿ ಬಿಡಿಸುತ್ತಿದ್ದವಳು ಹಾಗೇ ನಿಂತೆ. ಇಷ್ಟು ದೂರ, ಈ ಹೊಳೆಯ ದಂಡೆಗೆ ಬಂದರೂ ನನ್ನ ಕಥೆಯೇ ನನಗಿಂತ ಮೊದಲು ಬಂದು ಕುಳಿತಿತ್ತೆ?

ಅತ್ತೆಯವರಿಗೆ ಮಾತ್ರ ಕಥೆ ಪೂರ್ತಿ ಅನ್ನಿಸಲಿಲ್ಲ. "ಗಂಡ ಏನು ಮಾಡಾಕತ್ತಿದ್ನಂತ?"

"ಹೊಲಕ್ಕ ಹೋಗಿದ್ನಂತ್ರಿ."

"ಹೋಗಿರ್ತಾನ! ಇಂಥಾ ಹೊತ್ತಿನಾಗ ಗಂಡಸರಿಗೆ ಕೆಲಸ ಭಾಳ."

ನನಗೆ ಅಂಗಿಯ ಹತ್ತಿ ಕಿತ್ತುಕೊಳ್ಳುತ್ತ ಹೋದ ನಮ್ಮವರು ನೆನಪಾದರು.

"ಅತ್ತಿ?"

ಅಜ್ಜ ಕಂಬಳಿಯೊಳಗಿಂದ ಕೈ ತೆಗೆದು ತಲೆ ಕೆರೆದುಕೊಂಡ. "ಅತ್ತಿ ಕಥಿಯೊಳಗ ಇಲ್ರಿ."

"ಹಂಗಾರ ಅದಕ್ಕ ಹಾಳಾತು," ಎಂದರು ಅತ್ತೆಯವರು, ಎದ್ದು ನಿಲ್ಲುತ್ತ. "ಸೊಸಿ ಶಾಪ ಅಂತ ಸುಮ್ನ ಆಕಿ ಮ್ಯಾಲ ಹಾಕಬ್ಯಾಡ್ರಿ. ಅತ್ತಿ ಕಥಿಯೊಳಗ ಇದ್ದಿದ್ರ ಊರು ಉಳೀತಿತ್ತು. ಬಾ ಬೇ, ಒಲಿ ಹುಡಕೂಣು."

ಒಲೆ ಸಿಕ್ಕಿತು. ದೀಪ ಹಚ್ಚಿದರು. ಹೊಳೆಯ ಗಾಳಿ ಅದನ್ನು ಒಂದು ಉಸಿರಿಗೆ ಆರಿಸಿತು. ಅವರು ಮತ್ತೆ ಹಚ್ಚಿದರು. ಯಾವತ್ತೂ ಎರಡನೆಯ ಸಲ ಹಚ್ಚಿದವರಲ್ಲ. ಆ ಹೊತ್ತಿನಲ್ಲಿ ನನ್ನ ಬಾಯಿಂದ, ದೀಪಾವಳಿಯಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಬಿತ್ತು.

"ಅತ್ತೀ, ನಮ್ಮ ಮನಿಗೂ ಬೇಚಿರಾಗ್ ಅಂತ ಬರೀತಾರೇನು?"

ಅವರು ಬತ್ತಿಯನ್ನು ಬೆರಳಿನಿಂದ ಮುಂದೆ ನೂಕಿದರು. ಎಣ್ಣೆಯ ಬೆರಳನ್ನು ನನ್ನ ಒಣಗಿದ ಮುಂಗೈಗೆ ಒರೆಸಿದರು.

"ಮೊನ್ನಿ ನಮ್ಮ ಮನಿಗೆ ಕರೆಂಟ್ ಬಿಲ್ಲು ಬಂತೋ ಇಲ್ಲೋ?"

"ಬಂತು."

"ದೀಪ ಇಲ್ಲದ ಮನಿಗೆ ಬಿಲ್ಲು ಕಳಸ್ತಾರೇನು? ಹುಚ್ಚಿ! ರೊಟ್ಟಿ ತೆಗಿ, ಹಸಿವ್ಯಾಗ್ಯದ."

ಇದಕ್ಕೆ ನಗಬೇಕೋ ಅಳಬೇಕೋ? ಎರಡನ್ನೂ ಮಾಡುತ್ತ ರೊಟ್ಟಿ ತೆಗೆದೆ. ಅಜ್ಜನೂ ಬಂದು ಕುಳಿತ. ಅವನು ಸುಟ್ಟು ಕೊಟ್ಟ ಹಸಿ ಜೋಳದ ಸೀತನಿಯನ್ನು ಅತ್ತೆಯವರು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಮೊದಲ ಹಿಡಿ ನನಗೆ ಹಾಕಿದರು. ಆಮೇಲೆ ಆ ಮನೆಯ ಒಲೆಗೆ ಅಂಕ ಕೊಡುವುದನ್ನೇ ಮರೆತರು. ನೆನಪಿಸಿದೆ. "ಇರಲಿ ಬಿಡು, ಈ ಮನಿ ಅತ್ತಿಗೆ ಯಾರೂ ಧೈರ್ಯ ಹೇಳಿದ್ದಿಲ್ಲ, ಪಾಪ," ಎಂದರು. ಕೆಟ್ಟ ಅತ್ತೆಯೊಬ್ಬಳನ್ನು ಅವರು ಕ್ಷಮಿಸಿದ್ದು ಅದೊಂದೇ ಸಲ.

ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ಬೆಳಿಗ್ಗೆಯಿಂದ ಅಷ್ಟು ಗಟ್ಟಿಯಾಗಿ ಮಾತಾಡಿದವರ ಕೈ ನಿದ್ದೆಯಲ್ಲೂ ಕೀಲಿಕೈಯನ್ನು ಬಿಗಿಯಾಗಿ ಹಿಡಿದಿತ್ತು. ಅವರಿಗೂ ಹೆದರಿಕೆಯಿತ್ತು ಎನ್ನುವುದು ನನಗೆ ಆಗ ತಿಳಿಯಿತು. ಗಂಡನ ಮನೆಗೆ ಬಂದಾಗಿನಿಂದ ಭಾವನಿಗೆ ಒಂದು ಲೋಟ ನೀರು ತಡವಾಗಿ ಕೊಟ್ಟವರಲ್ಲ. ಅಂದು ಆ ಭಾವ ಬರುತ್ತಾರೆಂದು ತಿಳಿದೂ ತಿಳಿದೂ ಬಾಗಿಲಿಗೆ ಬೀಗ ಹಾಕಿ ಬಂದಿದ್ದರು. ಬಾಗಿಲ ಮರೆಯಲ್ಲಿ ನಿಂತು ‘ಉಹೂಂ’ ಅನ್ನಲು ಆಗದವರು, ಬಾಗಿಲನ್ನೇ ಮುಂದೆ ನಿಲ್ಲಿಸಿ ಹಾಗೆ ಅನ್ನಿಸಿದ್ದರು.

ಮನೆ ಮುಟ್ಟಿದಾಗ ಸಂಜೆಯ ನೀರು ಬಿಡುವ ಹೊತ್ತು. ಓಣಿಯಲ್ಲಿ ರುಮಾಲಿಲ್ಲ, ಕಟ್ಟೆಯ ಮೇಲೆ ಯಾರೂ ಕಾದು ಕುಳಿತಿಲ್ಲ. ಅತ್ತೆಯವರು ಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಕೊಡ ಹಿಡಿದು ನಲ್ಲಿಗೆ ಬಂದೆ. ನಮ್ಮ ಪಕ್ಕದ ಮನೆಗೆ ಆ ತಿಂಗಳಷ್ಟೇ ಬಾಡಿಗೆಗೆ ಬಂದಿದ್ದ ಭಾಬಿ, ಅವರ ಯಜಮಾನರು ಬಜಾರಿನಲ್ಲಿ ಬಳೆ ಅಂಗಡಿ ಇಟ್ಟವರು, ತಮ್ಮ ಕೊಡ ತುಂಬುವುದನ್ನೇ ಕಾಯುತ್ತಿದ್ದರು. ನಮ್ಮ ಮನೆಯ ಸುದ್ದಿ ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಗೋಡೆಯಾಚೆಯಿಂದ ಅತ್ತೆಯವರು ನನ್ನನ್ನು ಕೂಗುವುದು, ಬೈಯುವುದು, ಅಷ್ಟೇ ಕೇಳಿದ್ದರು.

"ಈಗ ಬಂದ್ರೇನು ಆಪಾ? ಮಧ್ಯಾಹ್ನ ಒಬ್ಬ ಅಜ್ಜಾರು ಬಂದಿದ್ರು ನೋಡ್ರಿ, ರುಮಾಲು ಸುತ್ತಿದವರು. ಜೋಡಿಗೆ ಇನ್ನೊಬ್ಬರು, ಕೈಯಾಗ ಮಿಠಾಯಿ ಡಬ್ಬಿ. ಮುಂಜಾನಿ ಬೀಗ ಹಾಕೋವಾಗ ನಿಮ್ಮ ಅಮ್ಮಿ ನನಗ ಹೇಳಿ ಹೋಗಿದ್ರಲ್ಲ, ಯಾರರ ಬಂದ್ರ ‘ಮಗಳನ್ನ ಕರಕೊಂಡು ಹೋಗ್ಯಾರ, ಕಾಯಬ್ಯಾಡ್ರಿ’ ಅಂತ ಹೇಳು ಅಂತ. ಹಂಗೇ ಹೇಳಿದೆ. ಆ ಅಜ್ಜಾರು ನನ್ನ ಜೋಡಿ ಜಗಳಕ್ಕೇ ನಿಂತ್ರು, ಈ ಮನ್ಯಾಗ ಮಗಳೇ ಇಲ್ಲ ಅಂತ! ಯಾಕಿಲ್ರೀ, ನಾ ದಿನಾ ನೋಡ್ತೀನಿ ಅಂದೆ. ಆಮ್ಯಾಲ ಸುಮ್ನ ಹೊಳ್ಳಿ ಹೋದ್ರು." ಭಾಬಿ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ನನ್ನ ಕೊಡಕ್ಕೆ ಜಾಗ ಬಿಟ್ಟರು. "ಮನಿ ತಪ್ಪಿ ಬಂದಿದ್ರು ಕಾಣ್ತದ, ಪಾಪ."